ಬಡಗಿಯ ಕಿಡ್ನಿಯೂ ಅಣಬೆ ಪುಡಿಯೂ

ಬಡಗಿಗೆ ಬೂಷ್ಟು ಎಂದರೆ ಮೈಯೆಲ್ಲ ಉರಿ. ಒಳ್ಳೊಳ್ಳೆ ಹಲಗೆಯನ್ನು ಒಳಗೊಳಗೇ ತಿಂದು ಹಾಕುವ ಪೀಡೆ ಅದು! ಆದರೆ ಅದೇ ಜಾತಿಯ ಅಣಬೆಯ ಪುಡಿಯನ್ನು ಹೆಂಡತಿಯ ಅಣ್ಣ, ಅಂದರೆ ಭಾವ, ಡಬ್ಬಿ ತುಂಬ ತಂದಾಗ ಮಾತ್ರ ಕಣ್ಣಿಗೊತ್ತಿಕೊಂಡ. ಹೆಂಡತಿಗಾಗಿ ತಂದದ್ದಲ್ಲವೇ.

ಹೆಂಡತಿಯ ಹೊಟ್ಟೆಯೊಳಗೆ ಈಗ ದುಡಿಯುತ್ತಿರುವುದು ಬಡಗಿಯದೇ ಕಿಡ್ನಿ. "ನಿಮ್ಮ ಸಾಮಾನು ನಿಮಗಿಂತ ನನ್ನ ಹತ್ರಾನೇ ನೆಟ್ಟಗೆ ಕೆಲ್ಸ ಮಾಡತ್ತೆ" ಎಂದು ಅವಳು ಕಾಡಿಸುವುದುಂಟು. ಆದರೆ ಆಪರೇಷನ್ ಆದಮೇಲೆ ದಿನಾ ಮಾತ್ರೆ ನುಂಗಬೇಕಿತ್ತು, ನೆಗಡಿಯೂ ಬಿಟ್ಟೂಬಿಡದೆ ಕಾಡುತ್ತಿತ್ತು.

"ಆ ಮಾತ್ರೆ ನಿನ್ನ ರೋಗ ತಡೆಯೋ ಶಕ್ತಿ ಇಳಿಸ್ತಿದೆ ಕಣೆ. ಈ ಪುಡಿ ಏರಿಸತ್ತೆ. ವಿಜ್ಞಾನಿಗಳೇ ಹೇಳಿದಾರಂತೆ!" ಎಂದು ಭಾವ ತಂಗಿಗೆ ಫೋನಿನಲ್ಲಿ ವಿಡಿಯೊ ತೋರಿಸಿದ್ದ.

ಬಡಗಿಗೂ ಹೌದೆನ್ನಿಸಿತು. ಹಲಗೆಯನ್ನು ಜಾಸ್ತಿ ಹೆರೆದುಬಿಟ್ಟರೆ ಪುಟ್ಟಿ ಮೆತ್ತಿ ತಗ್ಗು ತುಂಬುವುದಿಲ್ಲವೇ, ಹಾಗೇ ಇದೂ. ನಿನ್ನೆಯಿಂದ ಮಾತ್ರೆ ಬಂದ್, ಪುಡಿ ಶುರು.

ಬೆಳಿಗ್ಗೆ ಮಹಡಿ ಮನೆಯ ನರ್ಸಮ್ಮ ತನ್ನ ಮುರುಕು ಸ್ಟೂಲು ರಿಪೇರಿ ಆಯಿತೇ ಎಂದು ಕೇಳಲು ಬಂದವಳು, ಹೆಂಡತಿಯ ಕೈಯಲ್ಲಿನ ಲೋಟ ನೋಡಿ ಬಾಗಿಲಲ್ಲೇ ನಿಂತಳು.

"ಅದೇನಕ್ಕಾ?"

"ಅಣಬೆ ಪುಡಿ. ನಮ್ಮಣ್ಣ ತಂದಿದ್ದು. ಮಾತ್ರೆಗಿಂತ ವಾಸಿ ಅಂತೆ."

"ಕೆಳಗಿಡಿ! ಮಾತ್ರೆ ಬಿಟ್ರಾ? ಯಾವಾಗಿಂದ?"

"ನಿನ್ನೆಯಿಂದ..." ಎಂದ ಬಡಗಿ. ಅವನ ಕೈಯ ಉಳಿ ಕೆಳಗೆ ಬಿತ್ತು. ನರ್ಸಮ್ಮನ ಮುಖ ಅಷ್ಟು ಬಿಳುಚಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಆಕೆ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿದ್ದಳು. "ಆಟೋ ಕರೀರಿ, ಮೇಸ್ತ್ರಿ. ಈಗಲೇ ಕರ್ಕೊಂಡ್ ಬನ್ನಿ ಅಂತಿದಾರೆ."

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಹೆಂಡತಿಯನ್ನು ಒಳಗೆ ಮಲಗಿಸಿದರು. ಹೊರಗಿನ ಉದ್ದನೆಯ ಬೆಂಚಿನ ಮೇಲೆ ಬಡಗಿ, ಪಕ್ಕದಲ್ಲಿ ಜೊತೆಗೆ ಬಂದ ನರ್ಸಮ್ಮ. ಸುದ್ದಿ ತಿಳಿದು ಓಡಿಬಂದ ಭಾವನೂ ಅದರ ತುದಿಯಲ್ಲಿ ಕುಳಿತಿದ್ದ.

"ಶಕ್ತಿ ಜಾಸ್ತಿ ಆದ್ರೆ ಏನು ಕೆಟ್ಟದ್ದು, ಸಿಸ್ಟರ್?" ಬಡಗಿ ಕೇಳಿದ.

"ಮೈಗೆ ಅದು ಹೊರಗಿನ ಕಿಡ್ನಿ, ಮೇಸ್ತ್ರಿ. ಶಕ್ತಿ ಕೆರಳಿದ್ರೆ ಮೊದಲು ಅದರ ಮೇಲೇ ಎರಗತ್ತೆ. ಹಾಗಾಗದೇ ಇರ್ಲಿ ಅಂತಾನೇ ಮಾತ್ರೆ. ನೀವು ಅದನ್ನ ಬಿಡಿಸಿ, ಮೇಲೆ ಪುಡಿ ಬೇರೆ ಕುಡಿಸಿದ್ರಿ."

"ಹಾಳಾದ ಅಣಬೆ!" ಎಂದು ಬಡಗಿ ಹಲ್ಲು ಕಡಿದ.

"ಅಣಬೆಗೆ ಯಾಕೆ ಬಯ್ತೀರಿ? ಅಕ್ಕನ ಮಾತ್ರೆ ಸಿಕ್ಕಿದ್ದೇ ಮಣ್ಣಿನ ಬೂಷ್ಟಲ್ಲಿ."

"ತಮಾಷೆ ಮಾಡ್ಬೇಡಿ!"

"ನಿಜ. ಪೆನಿಸಿಲಿನ್ನೂ ಬೂಷ್ಟಿಂದಲೇ. ನಿಮ್ಮ ಭಾವ ನುಂಗ್ತಾರಲ್ಲ ರಕ್ತದ ಕೊಬ್ಬು ಇಳಿಸೋ ಮಾತ್ರೆ, ಆ ಜಾತಿ ಔಷಧ ಮೊದಲು ಸಿಕ್ಕಿದ್ದೂ ಅದರಲ್ಲೇ. ಅಷ್ಟೇ ಯಾಕೆ, ನೀವು ಕೊಯ್ಯೋ ಮರ ಎದ್ದು ನಿಂತಿದ್ದೂ ಅದರ ಬಳಗದ ಋಣದಲ್ಲೇ. ಬೇರಿಗೆ ಸುತ್ಕೊಂಡು ನೀರು, ಸಾರ ಎಳೆದು ಕೊಡತ್ತೆ. ಬಿದ್ದ ಎಲೆ, ಕೊರಡು ಎಲ್ಲ ಕೊಳೆಸಿ ಮತ್ತೆ ಮಣ್ಣು ಮಾಡತ್ತೆ."

ಭಾವ ಮೆಲ್ಲಗೆ ಬಾಯಿಬಿಟ್ಟ. "ಮತ್ತೆ ವಿಡಿಯೊದಲ್ಲಿ ಸಂಶೋಧನೆ ಅಂದ್ರಲ್ಲಮ್ಮಾ?"

"ಸಂಶೋಧನೆ ನಡೀತಿರೋದು ನಿಜಾನೇ. ಆದ್ರೆ ಲ್ಯಾಬಿನ ತಟ್ಟೇಲಿ ಗೆದ್ದಿದ್ದೆಲ್ಲ ಮನುಷ್ಯನಿಗೆ ಔಷಧ ಆಗಲ್ಲ. ಯಾರಿಗೆ, ಎಷ್ಟು, ಯಾವುದರ ಜೊತೆ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿದ ಮೇಲೇ ಅದು ಮಾತ್ರೆ ಆಗೋದು. ನಿಮ್ಮ ಡಬ್ಬಿ ಮೇಲೆ ಅದೆಲ್ಲ ಬರೆದಿದೆಯಾ?"

ಭಾವ ಫೋನು ತೆಗೆದು ಆ ವಿಡಿಯೊ ಅಳಿಸಿಹಾಕಿದ.

ಬಾಗಿಲು ತೆರೆಯಿತು. ಬಡಗಿ ಎದ್ದು ನಿಂತ.

"ಕಿಡ್ನಿ ಸದ್ಯಕ್ಕೆ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. "ಇನ್ನಷ್ಟು ದಿನ ಹೀಗೇ ಬಿಟ್ಟಿದ್ರೆ ಕೈ ಮೀರ್ತಿತ್ತು. ಮಾತ್ರೆ ಶುರು ಮಾಡಿದೀವಿ, ರಕ್ತ ಮತ್ತೆ ನೋಡ್ಬೇಕು. ನೆಗಡಿ ಬಂದ್ರೆ ನನಗೆ ಹೇಳಿ, ವಿಡಿಯೊನ ಕೇಳ್ಬೇಡಿ."

ಒಳಗಿನಿಂದ ಹೆಂಡತಿಯ ದನಿ ಕೇಳಿತು. "ಅಣ್ಣಾ, ಮುಂದಿನ ಸಲ ಬರಿಗೈಯಲ್ಲೇ ಬಾ!"

ಬಡಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ಅಂಗಡಿಯ ಹಿಂದಿನ ಕೊಳೆತ ಮರದ ಬುಡದ ಮೇಲೆ ಅಣಬೆ ಎದ್ದಿತ್ತು. ಅದಕ್ಕೆ ಸುರಿಯಲೆಂದು ಸೀಮೆಎಣ್ಣೆಯ ಕ್ಯಾನು ತೆಗೆದಿಟ್ಟಿದ್ದ ಬಡಗಿ, ಸಂಜೆ ಅದನ್ನು ಸುಮ್ಮನೆ ಒಳಗೆ ಒಯ್ದಿಟ್ಟ. ಹಲಗೆಗಳನ್ನು ಮಾತ್ರ ಒಣ ಜಾಗಕ್ಕೆ ಸರಿಸಿದ!

ಇದನ್ನು ಓದುತ್ತಿರುವ ನೀವೂ ಒಮ್ಮೆ ನಿಮ್ಮ ಮನೆಯ ಮಾತ್ರೆ ಡಬ್ಬಿಯ ಪಕ್ಕ ನೋಡಿ. ಯಾರೋ ತಂದುಕೊಟ್ಟ ಪುಡಿ ಅಲ್ಲಿದೆಯೇ? ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬೇಡಿ, ನಡೆಯುತ್ತಿರುವ ಮಾತ್ರೆ ನಿಲ್ಲಿಸಬೇಡಿ. ಹಿತ್ತಿಲಲ್ಲಿ ಎದ್ದ ಗುರುತಿಲ್ಲದ ಅಣಬೆ ತಿನ್ನಲೇಬೇಡಿ. ಅದು ಅಲ್ಲೇ ಇರಲಿ, ಮಣ್ಣಿನ ಕೆಲಸ ಬೇಕಾದಷ್ಟಿದೆ ಅದಕ್ಕೆ. ಮತ್ತೆ, ಇದನ್ನು ನಿಮ್ಮ ಭಾವನಿಗೂ ಓದಿ ಹೇಳಿ!