ಹಲ್ಲಿನ ಟೊಪ್ಪಿಗೆ

ಮುಂಡರಗಿಯ ರೇಣುಕವ್ವನಿಗೆ ಬೆಳಗಿನ ಪೂಜೆಯ ಹೊತ್ತಿಗೆ ಬಾಯಿ ಸಲೀಸಾಗಿ ತೆರೆಯುತ್ತಿರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಶಿವನಾಮ ನುಡಿಯಹೋದರೆ ಕಿವಿಯ ಬುಡದಲ್ಲಿ ಕಟಕ್ಕೆಂದು ಸಪ್ಪಳವಾಗುತ್ತಿತ್ತು; ದವಡೆ ಮರದಂತೆ ಬಿಗಿದಿರುತ್ತಿತ್ತು. ಗಂಡ ಉಳವಪ್ಪ ಲಿಂಗೈಕ್ಯನಾದ ಮೇಲೆ ಹತ್ತಿದ ಬೇನೆ ಇದು. ದುಃಖ ಅಲ್ಲಿ ಹೋಗಿ ಕುಳಿತಿದೆ, ಶಿವ ಬಿಡಿಸಿದಾಗ ಬಿಡುತ್ತದೆ ಎಂದುಕೊಂಡು ಯಾರಿಗೂ ಹೇಳದೆ ಇದ್ದಳು.

ಗಂಡನನ್ನು ಕಳೆದುಕೊಂಡವಳನ್ನು ಒಬ್ಬಳನ್ನೇ ಮಲಗಿಸಬಾರದೆಂದು ಹಿರಿಯರು ಹೇಳಿದ್ದರಿಂದ ಸೊಸೆ ಶೀತಲ್ ಅತ್ತೆಯ ಮಗ್ಗುಲಲ್ಲೇ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಬೆಟಗೇರಿಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಹೊಸದರಲ್ಲಿ ಚುರುಕಾಗಿದ್ದವಳು ಈಗೀಗ ಕಾಳು ಹಸನು ಮಾಡುತ್ತ ಮೊರದ ಮುಂದೆಯೇ ತೂಕಡಿಸುತ್ತಿದ್ದಳು. ಎರಡು ಸಲ ಹಾಲು ಉಕ್ಕಿ ಒಲೆಯ ಪಾಲಾಗಿತ್ತು. ರೇಣುಕವ್ವ ಇದನ್ನೆಲ್ಲ ನೆರೆಮನೆಯ ಸಾವಕ್ಕನಿಗೆ ಹಿತ್ತಲ ಗೋಡೆಯ ಮೇಲಿಂದ ಹೇಳಿಕೊಳ್ಳುತ್ತಿದ್ದಳು.

"ಹಗಲೊತ್ತು ಮಲಗೂ ಸೊಸಿ ಸಿಕ್ಕಾಳ ನೋಡ ಸಾವಕ್ಕ, ನನ್ನ ಪುಣ್ಯೇಕ."

"ಸಣ್ಣ ಹುಡುಗಿ ಬಿಡ. ಗಂಡನ್ನ ಬಿಟ್ಟು ನಿನ್ನ ಬಾಜೂಕ ಮಲಗ್ತಾಳ, ಅಷ್ಟರ ನೆನಿ."

"ನನ್ನ ಬಾಜೂಕ ಮಲಗೂದರಾಗ ಏನ ಕಷ್ಟ ಐತಿ? ನಾ ಏನ ಗೊರಕಿ ಹೊಡಿತೀನೇನು?"

ಒಂದು ದಿನ ಕಟಕರೊಟ್ಟಿ ಕಡಿಯುವಾಗ ಹಿಂದಿನ ಹಲ್ಲಿನದೊಂದು ಚೂರು ಮುರಿದು ನಾಲಿಗೆಗೆ ಬಂತು. ಮಗ ವಿಶಾಲ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಗದಗಿಗೆ, ಹಲ್ಲಿನ ಡಾಕ್ಟರ್ ಅಝೀಮರ ದವಾಖಾನೆಗೆ ಹೋದ.

ಪರಗಂಡಸಿನ ಮುಂದೆ ಬಾಯಿ ತೆರೆದು ಮಲಗುವುದೇ ರೇಣುಕವ್ವನಿಗೆ ಸಂಕೋಚ. ಡಾಕ್ಟರು ಸಣ್ಣ ಕನ್ನಡಿ ಹಿಡಿದು ನೋಡಿ, "ಅವ್ವಾರ, ಹಲ್ಲು ಸವದು ಸಪಾಟ ಆಗ್ಯಾವು. ನಿದ್ದ್ಯಾಗ ಹಲ್ಲು ಕಡಿತೀರೇನ್ರಿ?" ಎಂದರು.

"ಏ ಇಲ್ರಿ ಸಾಹೇಬ್ರ. ನಮ್ಮ ಮನಿತನದಾಗ ಅಂಥಾ ಚಟ ಯಾರಿಗೂ ಇಲ್ಲ."

"ಕಡಿಯೋರಿಗೆ ಗೊತ್ತಾಗಂಗಿಲ್ರಿ. ಬಾಜೂಕ ಯಾರ ಮಲಗ್ತಾರ?"

ವಿಶಾಲ ಹೆಂಡತಿಯ ಕಡೆ ನೋಡಿದ. ಶೀತಲ್ ನೆಲ ನೋಡುತ್ತ, "ಕಡಿತಾರ್ರಿ. ದಿನಾ. ಬೀಸೂ ಕಲ್ಲಾಗ ಉಸುಕು ಹಾಕಿದಂಗ ಸಪ್ಪಳ ಬರ್ತೈತ್ರಿ" ಎಂದಳು.

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ ನೀ?" ವಿಶಾಲ ಕೇಳಿದ.

"ಅತ್ತಿಗೆ ನನ್ನ ಮ್ಯಾಲ ಸಿಟ್ಟೈತಿ, ಅದಕ್ಕ ಕಡಿತಾರ ಅಂತ ತಿಳಕೊಂಡಿದ್ದೆ. ನಾ ಏನ ತಪ್ಪು ಮಾಡೇನಿ ಅಂತ ವಿಚಾರ ಮಾಡ್ಕೊಂತ ಎದ್ದು ಕುಂಡ್ರತಿದ್ದೆ."

ರೇಣುಕವ್ವನ ಕಿವಿ ಬಿಸಿಯಾದವು. ಹುಡುಗಿ ನಿದ್ದೆಗೆಟ್ಟಿದ್ದಾಳೆಂಬ ಮರುಕ ಆಗ ಅವಳಿಗೆ ಹುಟ್ಟಲಿಲ್ಲ. ಹೊರಗಿನವರ ಮುಂದೆ ತನ್ನ ಮಾನ ಹೋಯಿತೆಂಬ ಒಂದೇ ಸಂಕಟ.

ಡಾಕ್ಟರು ಮೇಜಿನ ಮೇಲೆ ಹಲ್ಲಿಗೆ ತೊಡಿಸುವ ಮೂರು ತರಹದ ಗಾರ್ಡು ಇಟ್ಟು ತಿಳಿಸಿ ಹೇಳಿದರು. ಇವು ಹಲ್ಲು ಕಡಿಯುವುದನ್ನು ಬಿಡಿಸುವುದಿಲ್ಲ, ಹಲ್ಲು ಹಲ್ಲಿಗೆ ತಿಕ್ಕದಂತೆ ನಡುವೆ ನಿಲ್ಲುತ್ತವೆ ಅಷ್ಟೆ. "ಇದು ಔಷಧದ ಅಂಗಡ್ಯಾಗ ಸಿಗೂದು. ಬಿಸಿನೀರಾಗ ಅದ್ದಿ, ಮೆತ್ತಗಾದ ಮ್ಯಾಲ ನೀವ ಕಚ್ಚಿ ಅಚ್ಚು ಮಾಡ್ಕೋಬೇಕು. ಸರಿಯಾಗಿ ಕುಂಡ್ರೂದು ಕಷ್ಟ. ಈ ಎರಡೂ ನಿಮ್ಮ ಹಲ್ಲಿನ ಅಳತಿ ತಗೊಂಡು ಮಾಡೂವು. ಇದು ಮೆತ್ತಂದು, ಇದು ಗಟ್ಟೀದು. ಮೆತ್ತಂದನ್ನ ಕೆಲವರು ನಿದ್ದ್ಯಾಗ ಜಗಿಯಾಕ ಹತ್ತತಾರ. ನಿಮ್ಮಂಗ ಜೋರ ಕಡಿಯೋರಿಗೆ ಗಟ್ಟೀದ ಚಲೋ."

'ಜೋರ ಕಡಿಯೋರು' ಎಂಬ ಮಾತು ರೇಣುಕವ್ವನಿಗೆ ಹಣೆಯ ಮೇಲೆ ಬರೆ ಎಳೆದಂತಾಯಿತು. "ಮೆತ್ತಂದ ಕೊಡ್ರಿ. ನಾ ಅಂಥಾಕಿ ಅಲ್ಲ" ಎಂದಳು. ಅದನ್ನು ತಣ್ಣೀರಿನಲ್ಲಿ ತೊಳೆಯಬೇಕೆಂದು ಡಾಕ್ಟರು ಹೇಳುವಾಗ ಅವಳು ಮುಖ ತಿರುಗಿಸಿ ಕುಳಿತಿದ್ದಳು. ಕೇಳಿಸಿಕೊಂಡವಳು ಶೀತಲ್.

ಗಾರ್ಡು ತಯಾರಾಗಿ ಮನೆಗೆ ಬಂತು. ಸಾವಕ್ಕ ಡಬ್ಬಿ ತೆಗೆದು ನೋಡಿ, "ತಲಿಗೆ ಟೊಪ್ಪಿಗಿ ಕಂಡಿದ್ದೆ, ಹಲ್ಲಿಗೂ ಟೊಪ್ಪಿಗಿ ಬಂತಲ್ಲವಾ ರೇಣುಕವ್ವ! ಇದಕ್ಕ ಗೊಂಡೆ ಹಚ್ಚಿಸ್ಕೊ" ಎಂದು ಬಿದ್ದು ಬಿದ್ದು ನಕ್ಕಳು. ರೇಣುಕವ್ವನಿಗೆ ನಗು ಬರಲಿಲ್ಲ. ಅವಳ ಚಿಂತೆ ಬೇರೆ. ಇಡೀ ರಾತ್ರಿ ಬಾಯಲ್ಲಿದ್ದ ಎಂಜಲಿನ ವಸ್ತು ಅದು. ಎಲ್ಲಿಡಬೇಕು? ಅಡಿಗೆಮನೆಯಲ್ಲಿ ಆಗದು, ದೇವರ ಜಗುಲಿಯ ಹತ್ತಿರ ಮೊದಲೇ ಆಗದು. ಬಚ್ಚಲ ಗೂಡಿನಲ್ಲಿಟ್ಟರೆ ಮತ್ತೆ ಬಾಯಿಗೆ ಹಾಕಿಕೊಳ್ಳಲು ಮನಸ್ಸು ಒಪ್ಪದು. ತವರಿನಲ್ಲಿ ಅವಳಿಗೆ ಕಲಿಸಿದ್ದು ಒಂದೇ: ಎಂಜಲಾದದ್ದಕ್ಕೆ ಕುದಿನೀರು ಸುರಿದರೆ ಶುದ್ಧ. ಬಿಸಿನೀರಿನ ಮಾತನ್ನು ಡಾಕ್ಟರೂ ಆಡಿದ್ದರಲ್ಲ! ಯಾವುದರ ಬಗ್ಗೆ ಆಡಿದ್ದರೆಂಬುದು ಅವಳ ತಲೆಯಲ್ಲಿ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಶೀತಲಳಿಗೆ ಹೇಳಿ ನೀರು ಕುದಿಸಿಕೊಂಡು, ಬಾಗಿಲು ಮುಂದೆ ಮಾಡಿ, ಗಾರ್ಡನ್ನು ಅದರಲ್ಲಿ ಹಾಕಿದಳು. ತೆಗೆಯುವಷ್ಟರಲ್ಲಿ ಅದು ಕೆಂಡದ ಮೇಲಿನ ಹಪ್ಪಳದಂತೆ ಮುರುಟಿತ್ತು. ಕೈಯಿಂದ ಹಿಗ್ಗಿಸಲು ನೋಡಿದಳು, ಆಗಲಿಲ್ಲ. ಸದ್ದಿಲ್ಲದೆ ಡಬ್ಬಿಯಲ್ಲಿಟ್ಟು ಮುಚ್ಚಿದಳು.

ಮರುದಿನ ವಿಶಾಲ ಡಬ್ಬಿ ತೆರೆದು ನೋಡಿ, "ಯವ್ವಾ, ಇದೇನಾತು?" ಎಂದು ಕೇಳಿದ.

"ನನಗೇನ ಗೊತ್ತಪಾ? ತೊಳಿಯೂದು ಬಳಿಯೂದು ಎಲ್ಲಾ ನಿನ್ನ ಹೆಂಡತಿ."

ಅಷ್ಟೇ ಅಂದದ್ದು. ವಿಶಾಲ ಹೆಂಡತಿಯ ಮೇಲೆ ಹರಿಹಾಯ್ದ. "ನಿದ್ದಿ ಮಬ್ಬಿನಾಗ ಎಲ್ಲಾ ಹಾಳ ಮಾಡಾಕ್ಹತ್ತಿ. ನಾಳೆ ಹೆಂಗೂ ಗದಗಿಗೆ ಹೋಗೂದೈತಿ, ಹಂಗ ಬೆಟಗೇರಿಗೆ ಬಿಟ್ಟು ಬರ್ತೀನಿ. ನಿಮ್ಮವ್ವನ ಮನ್ಯಾಗ ಮಲಕ್ಕೊ ಹೋಗು!"

ಶೀತಲ್ ಅತ್ತೆಯ ಮುಖ ನೋಡಿದಳು. ನೀರು ಕುದಿಸಿಕೊಟ್ಟವಳೇ ಅವಳು. ಒಳಗೆ ಹೋಗಿ ಚೀಲ ತುಂಬಿದಳು. ಆಗಲಾದರೂ ರೇಣುಕವ್ವ ನಿಜ ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಅಂದು ಪೂಜೆಗೆ ಕುಳಿತು ಹಣೆಗೆ ವಿಭೂತಿ ಧರಿಸಹೋದಾಗ ಕೈ ಅರ್ಧಕ್ಕೇ ನಿಂತಿತು. ಗಂಡ ಇದ್ದಿದ್ದರೆ ಒಂದೇ ಒಂದು ಸಲ 'ರೇಣುಕಾ' ಎಂದು ಕರೆಯುತ್ತಿದ್ದ, ಮುಂದೆ ಏನೂ ಅನ್ನುತ್ತಿರಲಿಲ್ಲ.

ಮಾರನೆಯ ದಿನ ದವಾಖಾನೆಯಲ್ಲಿ ಶೀತಲಳ ಚೀಲ ಅವಳ ಕಾಲ ಬಳಿ ಇತ್ತು. ಮೊದಲಿನ ಗಾರ್ಡು ಕೆಟ್ಟಿದ್ದರಿಂದ ಹೊಸದಾಗಿ ಅಳತೆ ತೆಗೆಯಬೇಕಿತ್ತು. ಡಾಕ್ಟರು ತಟ್ಟೆಯಂಥ ಅಚ್ಚಿನಲ್ಲಿ ಕಣಕದಂಥ ಪದಾರ್ಥ ತುಂಬಿ ರೇಣುಕವ್ವನ ಬಾಯಿಗೆ ಒತ್ತಿ, "ಗಟ್ಟಿ ಆಗೂತನಕ ಅಲುಗಾಡಬ್ಯಾಡ್ರಿ, ಮಾತೂ ಆಡಬ್ಯಾಡ್ರಿ" ಎಂದರು. ಆಮೇಲೆ ಮುರುಟಿದ ಗಾರ್ಡನ್ನು ಎತ್ತಿ ಹಿಡಿದು ನಕ್ಕರು.

"ಇದನ್ನ ಕುದಿಸಿದವರ್ಯಾರು? ಚಾ ಮಾಡಿ ಕುಡಿದ್ರೇನು?"

ವಿಶಾಲ ಹೆಂಡತಿಯತ್ತ ತಿರುಗಿದ. ಶೀತಲ್ ತಲೆ ಎತ್ತದೆ, "ನಾನ್ರಿ" ಎಂದಳು.

"ತಣ್ಣೀರು ಅಂತ ನಿನಗ ಹೇಳಿದ್ನಲ್ಲವಾ ತಂಗಿ?"

"ಹೇಳಿದ್ರಿ. ಮರತೆ. ತಪ್ಪಾತ್ರಿ."

ರೇಣುಕವ್ವನ ಬಾಯಿ ತುಂಬ ಅಚ್ಚು. 'ಅಲ್ಲ' ಎನ್ನಲು ಹೋದರೆ ಗಂಟಲಿನಿಂದ ಬರೀ ಗೊರಗೊರ ಸದ್ದು ಬಂತು. ಡಾಕ್ಟರು ಭುಜ ಒತ್ತಿ ಹಿಡಿದರು. ತುಟಿಯಂಚಿನಿಂದ ಜೊಲ್ಲು ಇಳಿದು ಗದ್ದದಿಂದ ಕೊರಳಿನ ಲಿಂಗದ ದಾರದ ಕಡೆಗೆ ಹರಿಯತೊಡಗಿತು. ಶೀತಲ್ ಎದ್ದು ಬಂದು ತನ್ನ ಸೆರಗಿನಿಂದಲೇ ಅದನ್ನು ಒರೆಸಿದಳು. ಯಾವ ಎಂಜಲಿಗೆ ಹೇಸಿ ಅತ್ತೆ ಇಷ್ಟೆಲ್ಲ ಮಾಡಿದ್ದಳೋ ಆ ಎಂಜಲು ಹುಡುಗಿಯ ಸೆರಗಿನಲ್ಲಿತ್ತು. ರೇಣುಕವ್ವ ಕಣ್ಣು ಮುಚ್ಚಿಕೊಂಡಳು. ಅಚ್ಚು ಗಟ್ಟಿಯಾಗುವವರೆಗೆ ಆ ನಾಚಿಕೆಯನ್ನು ಹಲ್ಲಿನಲ್ಲಿ ಹಿಡಿದುಕೊಂಡೇ ಮಲಗಿರಬೇಕಾಯಿತು.

ಅಚ್ಚು ತೆಗೆದದ್ದೇ ತಡ, ಬಾಯಿ ಮುಕ್ಕಳಿಸಲೂ ಇಲ್ಲ.

"ಸಾಹೇಬ್ರ, ಈ ಹುಡುಗಿ ಸುಳ್ಳ ಹೇಳಾಕ್ಹತ್ತಾಳ. ಕುದಿನೀರಿಗೆ ಹಾಕಿದಾಕಿ ನಾನು. ಹಾಕಿ, ಆಕಿ ಮ್ಯಾಲ ಹೊರಸಿದೆ."

ಡಾಕ್ಟರು ಕೈ ತೊಳೆಯುವ ನೆಪದಲ್ಲಿ ಆಚೆ ಹೋದರು. ವಿಶಾಲನ ಮುಖ ಕಪ್ಪಿಟ್ಟಿತು. ಅವನು ಹೆಂಡತಿಯ ಚೀಲ ಎತ್ತಿಕೊಂಡು, "ನಡಿ, ಮನಿಗೆ ಹೋಗೂಣು" ಎಂದ.

ಶೀತಲ್ ಚೀಲದ ಹಿಡಿಕೆ ಹಿಡಿದಳು. "ಇಲ್ರಿ. ನಾ ಬೆಟಗೇರಿಗೆ ಹೋಗ್ತೀನಿ" ಎಂದವಳು ಅತ್ತೆಯ ಕಡೆ ತಿರುಗಿದಳು. "ಸಿಟ್ಟಿಲ್ರಿ ಅತ್ತಿ. ನಿದ್ದಿ ಬಂದೈತ್ರಿ ನನಗ."

ರೇಣುಕವ್ವ ಡಾಕ್ಟರಿದ್ದ ಕಡೆ ತಿರುಗಿದಳು. "ಗಟ್ಟೀದ ಮಾಡ್ರಿ ಸಾಹೇಬ್ರ. ನಾ ಜೋರ ಕಡಿಯಾಕಿ" ಎಂದಷ್ಟೇ ಹೇಳಿ ಹೊರಗೆ ಬಂದಳು.

ಊರಿಗೆ ಬಂದಾಗ ಸಾವಕ್ಕ ಗೋಡೆಯ ಮೇಲಿಂದ ಕತ್ತು ಚಾಚಿದಳು. "ಯಾಕವಾ, ಮಲಗೂ ಸೊಸಿ ಎಲ್ಲಿ?"

"ಹಂಗನಬ್ಯಾಡ ಸಾವಕ್ಕ. ಆಕಿ ನಿದ್ದಿ ನಾ ಕೆಡಿಸಿದ್ದೆ. ನಿನ್ನ ಮುಂದ ಆಕೀದು ಆಡಿದ್ದೆಲ್ಲಾ ಸುಳ್ಳು." ಡಾಕ್ಟರ ಮುಂದೆ ಆಡಿದ್ದಕ್ಕಿಂತ ಇದು ಕಷ್ಟವಾಯಿತು. ಸಾವಕ್ಕ ಚಾಚಿದ ಕತ್ತನ್ನು ಹಿಂದಕ್ಕೆ ಎಳೆದುಕೊಂಡಳು.

ಗಟ್ಟಿ ಗಾರ್ಡು ತಯಾರಾದ ದಿನ ರೇಣುಕವ್ವ ಮಗನನ್ನು ಕರೆಯದೆ ಒಬ್ಬಳೇ ಗದಗಿಗೆ ಹೋಗಿ, ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು, ಅಲ್ಲಿಂದ ಬೆಟಗೇರಿಗೆ ನಡೆದಳು. ಮಧ್ಯಾಹ್ನದ ಹೊತ್ತು. ಬೀಗತಿ ಕಾವೇರಿ ಗಾಬರಿಯಾಗಿ, "ಬರ್ರಿ, ಕುಂಡ್ರಿ. ಶೀತಲ್ ಮಲಗ್ಯಾಳ, ಎಬ್ಬಸ್ತೀನಿ" ಎಂದು ಒಳಗೆ ಹೊರಟಳು.

"ಬ್ಯಾಡ್ರಿ, ಎಬ್ಬಸಬ್ಯಾಡ್ರಿ" ಎಂದು ರೇಣುಕವ್ವ ಅವಳ ಕೈ ಹಿಡಿದಳು. ಬಾಗಿಲೊಳಗಿನಿಂದ ಹುಡುಗಿಯ ಅಂಗಾಲುಗಳಷ್ಟೇ ಕಾಣುತ್ತಿದ್ದವು. "ತಾನ ಏಳಲಿ. ಬರ್ತೀನಿ ಅಂದ್ರ ಕರಕೊಂಡು ಹೋಗ್ತೀನಿ. ಒಲ್ಲೆ ಅಂದ್ರ, ಆ ಮಾತ ಕೇಳಿ ಹೋಗ್ತೀನಿ."

ಕಾವೇರಿ ತಂದ ನೀರನ್ನು ಕುಡಿದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ್ತಿಲ ಹೊರಗೆ ಕುಳಿತು, ಬಿಗಿದ ದವಡೆಯಲ್ಲೇ ಶಿವನಾಮ ನುಡಿಯತೊಡಗಿದಳು, ಒಳಗಿನವಳಿಗೆ ಕೇಳಿಸದಷ್ಟು ಮೆಲ್ಲಗೆ.