ಲೂಪೆಗೆ ತಲುಪದ ಮಾತು

ನನ್ನ ಗಂಡ ಮಾಕಾ ಕಲ್ಲಂಗಡಿ ಬೆಳೆಯುತ್ತಿದ್ದ. ಅವನ ಅಕ್ಕ ಲೂಪೆ ಆ ಹಣ್ಣಿನಿಂದ ಒತಾಯ್ ಎಂಬ ತಂಪು ಪಾನೀಯ ಮಾಡುತ್ತಿದ್ದಳು. ಎರಡು ಮನೆಗಳ ನಡುವೆ ಒಂದು ಸುಣ್ಣಗಲ್ಲಿನ ರಸ್ತೆ. ಅದನ್ನು ದಾಟುವ ಕೆಲಸ ಮಾತ್ರ ನನ್ನದು.

ನಮ್ಮ ಟೋಂಗಾದಲ್ಲಿ ಒಡಹುಟ್ಟಿದ ಗಂಡು ಹೆಣ್ಣು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಎದುರೆದುರು ಹರಟುವುದಿಲ್ಲ. ಅಕ್ಕನೆಂದರೆ ಅಷ್ಟು ಗೌರವ. ಹಾಗಾಗಿ ಅವರಿಬ್ಬರ ಮಾತೆಲ್ಲ ನನ್ನ ಬಾಯಲ್ಲೇ ಹೋಗಿ ಬರಬೇಕಿತ್ತು.

"ಸೇನಿ, ನಿನ್ನ ಗಂಡನಿಗೆ ಹೇಳು, ಇದು ಕಲ್ಲಂಗಡಿಯಲ್ಲ, ಬರೀ ನೀರಿನ ಕೊಡ. ಚರ್ಚಿನವರು ಕುಡಿದು ನನಗೆ ಬೈಬೇಕಾ?" ಎನ್ನುವಳು ಲೂಪೆ.

ನಾನು ಈಚೆ ಬಂದು, "ಅಕ್ಕ ಇನ್ನೊಂದು ಸ್ವಲ್ಪ ಸಿಹಿ ಇರೋದು ಸಿಗುತ್ತಾ ಅಂತ ಕೇಳಿದ್ಳು" ಎನ್ನುವೆ. ಮಾಕಾ "ಹ್ಞೂಂ" ಎಂದಷ್ಟೇ ಹೇಳಿ ಹೊಲಕ್ಕೆ ಹೋಗುವನು. ಬೆಳಗಾದರೆ ಅವಳ ಹಿತ್ತಿಲ ಬಾಗಿಲಲ್ಲಿ ಹೊಲದ ಅತಿ ದೊಡ್ಡ ಹಣ್ಣು ಕೂತಿರುವುದು. ಮಾತಿಗೆ ಹೀಗೆ ಬೆಲ್ಲ ಸವರಿ ಒಪ್ಪಿಸುವುದು ಮೂವತ್ತೊಂದು ವರ್ಷದಲ್ಲಿ ನನಗೆ ಅಭ್ಯಾಸವಾಗಿಹೋಗಿತ್ತು. ಅದರಲ್ಲಿ ತಪ್ಪಿದೆ ಎಂದು ಅನ್ನಿಸಿಯೇ ಇರಲಿಲ್ಲ.

ಲೂಪೆ ಮದುವೆಯಾಗಲಿಲ್ಲ. ಹರೆಯದಲ್ಲಿ ಹಾಪೈ ದ್ವೀಪದಿಂದ ಬಂದ ಫೆಲೇತಿ ಎಂಬ ಶಾಲಾ ಮಾಸ್ತರನೊಬ್ಬ ಅವಳನ್ನು ಕೇಳಿಕೊಂಡು ಬಂದಿದ್ದನಂತೆ. ಆದರೆ ಕಾವಾ ಬೇರಿನ ರಸ ಕುಡಿಯುವ ಗಂಡಸರ ಗುಂಪಿನಲ್ಲಿ ಅವನು ಲೂಪೆಯ ಬಗ್ಗೆ ಹಗುರವಾಗಿ ಆಡಿದ ಎಂಬ ಸುದ್ದಿ ಮಾಕಾನ ಕಿವಿಗೆ ಬಿತ್ತು. ಮಾಕಾ ಅವನನ್ನು ಎಲ್ಲರೆದುರು ಹೊಡೆದು, ಸಿಕ್ಕ ಮೊದಲ ಹಡಗಿಗೆ ಹತ್ತಿಸಿಬಿಟ್ಟ. ನಾನು ಈ ಮನೆಗೆ ಬರುವುದಕ್ಕೆ ಮುಂಚಿನ ಕತೆ ಇದು. ಲೂಪೆ ಒಂದು ದಿನವೂ ಆ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ.

ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಆಸ್ಪತ್ರೆಯವರು ಮಾಕಾನನ್ನು ಮನೆಗೆ ಕಳಿಸಿದರು. ಹೊಟ್ಟೆಯ ಕ್ಯಾನ್ಸರು. "ಏನು ಕೇಳ್ತಾನೋ ಕೊಡಿ" ಎಂದರು ಡಾಕ್ಟರು. ಅವನು ಕೇಳಿದ್ದು ಒತಾಯ್ ಒಂದನ್ನೇ.

ಅವತ್ತಿನಿಂದ ಲೂಪೆ ದಿನಾ ಮಾಡಿದಳು. ಹಣ್ಣನ್ನು ಎರಡು ಹೋಳು ಮಾಡಿ ಚಮಚದಲ್ಲಿ ಕೆರೆಯುವಳು. ತಿರುಳಿಗೆ ಚಾಕು ಮುಟ್ಟಿಸಬಾರದು, ಅದು ಎಳೆ ಎಳೆಯಾಗಿ ಬರಬೇಕು. ಆಮೇಲೆ ತುರಿಮಣೆಯ ಮೇಲೆ ಕೂತು ಬಲಿತ ಕಾಯಿ ತುರಿದು ಹಿಂಡುವಳು. ಒಂದಿಷ್ಟು ಅನಾನಸು, ಸಕ್ಕರೆ, ಐಸು. ಕಾಯಿಹಾಲು ಕಟ್ಟಕಡೆಗೆ. ತಂಬಿಗೆಯಲ್ಲಿ ತುಂಬಿ ನನ್ನ ಕೈಗಿಟ್ಟು, ನಾನು ರಸ್ತೆ ದಾಟುವುದನ್ನೇ ನೋಡುತ್ತ ನಿಲ್ಲುವಳು. ಸ್ವಲ್ಪ ಹೊತ್ತಿಗೆ ಖಾಲಿ ತಂಬಿಗೆ ವಾಪಸು ತಂದರೆ, "ಎಷ್ಟು ಕುಡಿದ?" ಎನ್ನುವಳು.

"ಅರ್ಧ ಲೋಟ" ಎನ್ನುವೆ. ಕುಡಿದದ್ದು ಎರಡು ಚಮಚ. ಉಳಿದದ್ದನ್ನು ನಾನೇ ಕುಡಿದಿರುತ್ತಿದ್ದೆ.

ಡಿಸೆಂಬರ್ ಮೊದಲ ವಾರ. ಮಧ್ಯಾಹ್ನ ಮಾಕಾನ ತಲೆದಿಂಬು ಸರಿಮಾಡುತ್ತಿದ್ದೆ. ಅವನು ನನ್ನ ಮುಂಗೈ ಹಿಡಿದ.

"ಸೇನಿ, ಅಕ್ಕನಿಗೆ ಒಂದು ಮಾತು ಹೇಳಬೇಕು."

"ಹೇಳು."

"ಫೆಲೇತಿ ಏನೂ ಅಂದಿರಲಿಲ್ಲ. ಅವನಿಗಾಗದವನು ಯಾವನೋ ಕಟ್ಟಿದ ಸುಳ್ಳು ಅದು. ಎರಡು ವರ್ಷ ಆದ್ಮೇಲೆ ನನಗೆ ಗೊತ್ತಾಯ್ತು."

"ಆಗಲೇ ಹೇಳಬಾರದಿತ್ತಾ?"

"ಅಷ್ಟು ಹೊತ್ತಿಗೆ ಅವನಿಗೆ ಅಲ್ಲಿ ಮದುವೆ ಆಗಿತ್ತು. ಹೇಳಿ ಏನು ಮಾಡೋದು ಅಂದ್ಕೊಂಡೆ. ಹೆದರಿದೆ. ನಾನು ತಪ್ಪು ಮಾಡಿದೆ, ಕ್ಷಮಿಸು ಅಂತ ಹೇಳು. ಅವಳು ಏನಂದ್ಳು ಅಂತ ಬಂದು ನನಗೆ ಹೇಳು. ಇದ್ದದ್ದು ಇದ್ದ ಹಾಗೆ ಹೇಳು."

ನಾನು ಹೊರಟೆ. ಲೂಪೆಯ ಅಂಗಳದಲ್ಲಿ ಚರ್ಚಿನ ಹಾಡುಗುಂಪಿನ ಹೆಂಗಸರು ತುಂಬಿದ್ದರು. ಕ್ರಿಸ್‌ಮಸ್‌ ಹಾಡಿನ ಅಭ್ಯಾಸ ಮುಗಿಸಿ ಬಂದು, ದೊಡ್ಡ ಟಬ್ಬಿನಲ್ಲಿದ್ದ ಒತಾಯ್ ಕುಡಿಯುತ್ತ, ಪಾದ್ರಿಯ ಹೊಸ ಹಲ್ಲಿನ ಸೆಟ್ಟಿನ ಬಗ್ಗೆ ನಗುತ್ತಿದ್ದರು. ಲೂಪೆ ನನ್ನನ್ನು ನೋಡಿ ಎದ್ದು ಬಂದಳು.

"ಏನಾಯ್ತು?"

"ಏನಿಲ್ಲ. ಐಸಿದ್ರೆ ಕೊಡು."

ಜನರಿದ್ದರು, ಹೇಳಲಾಗಲಿಲ್ಲ. ಕೇಳಿದವರಿಗೆ ಹಾಗೆಂದೇ ಹೇಳಬಹುದು. ಆದರೆ ಅವಳನ್ನು ಪಕ್ಕಕ್ಕೆ ಕರೆಯುವುದು ಎಷ್ಟು ಹೊತ್ತಿನ ಕೆಲಸ? ನಿಜವೆಂದರೆ, ದಾರಿಯುದ್ದಕ್ಕೂ ನನ್ನ ಹೊಟ್ಟೆ ಉರಿಯುತ್ತಿತ್ತು. ಸಾಯುವವನು ಕಡೆಗಾಲಕ್ಕೆ ಇಟ್ಟುಕೊಂಡಿದ್ದ ಮಾತೂ ಅವಳಿಗೇ. ಮಲಗಿ ಮಲಗಿ ಅವನ ಬೆನ್ನಿಗಾದ ಹುಣ್ಣು ತೊಳೆದವಳು ನಾನು, ವಾಂತಿ ಬಳಿದವಳು ನಾನು. ನನಗಾಗಿ ಒಂದು ಮಾತಿಲ್ಲ. ನಾನು ರಸ್ತೆ ದಾಟುವ ಕಾಲು ಮಾತ್ರ. ನಾಳೆ ಹೇಳಿದರಾಯಿತು ಎಂದುಕೊಂಡೆ.

ವಾಪಸು ಬಂದಾಗ ಮಾಕಾ ಬಾಗಿಲನ್ನೇ ನೋಡುತ್ತಿದ್ದ.

"ಏನಂದ್ಳು?"

ಆ ಕಣ್ಣು ನೋಡಿ ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ಅದನ್ನೆಲ್ಲ ಯಾವಾಗಲೋ ಮರೆತೆ ಅಂದ್ಳು. ಮನಸ್ಸಲ್ಲಿ ಏನೂ ಇಲ್ಲವಂತೆ. ನೀನು ನೆಮ್ಮದಿಯಾಗಿರು ಅಂದ್ಳು."

"ಅತ್ತಳಾ?"

"ಸ್ವಲ್ಪ."

ಅವನು ಕಣ್ಣು ಮುಚ್ಚಿದ. ಆಮೇಲೆ ಒತಾಯ್ ಕೇಳಿದ. ಅವತ್ತು ಒಂದಿಡೀ ಲೋಟ ಕುಡಿದ, ಬಾಯಿಯ ಮೂಲೆಯಲ್ಲಿ ಸಿಕ್ಕಿದ್ದ ಕೆಂಪು ಎಳೆಯನ್ನು ಬೆರಳಿಂದ ಒಳಗೆ ತಳ್ಳಿಕೊಂಡು. ಮದುವೆಯಾದ ಹೊಸದರಲ್ಲಿ ಹೊಲದಿಂದ ಬಂದು ಕುಡಿಯುತ್ತಿದ್ದ ಹಾಗೆ. ನನ್ನ ಸುಳ್ಳಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಬೆಳಗ್ಗೆ ಚರ್ಚಿನ ಗಂಟೆ ಬಾರಿಸುವಾಗ ಅವನು ಹೋಗಿಬಿಟ್ಟ.

ನನ್ನ ಕೂಗು ಕೇಳಿ ಲೂಪೆ ಓಡಿ ಬಂದಳು. ಐವತ್ತು ವರ್ಷದಲ್ಲಿ ಅವನು ಇರುವ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ತಲೆದೆಸೆಯಲ್ಲಿ ಕೂತು ಅವನ ಕೆನ್ನೆ ಮುಟ್ಟಿದಳು, ಹಣೆಗೆ ಮುತ್ತಿಟ್ಟಳು, ಕಿವಿಯ ಹಿಂದೆ ಇದ್ದ ಹಳೇ ಗಾಯದ ಗುರುತನ್ನು ಬೆರಳಿಂದ ಸವರಿದಳು. "ಇದು ನಾನು ಮಾಡಿದ್ದು. ಮಾವಿನ ಮರದಿಂದ ತಳ್ಳಿದ್ದೆ" ಎಂದಳು, ಯಾರಿಗೂ ಅಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಹತ್ತು ದಿನಕ್ಕೆ ಸಮಾಧಿಯ ಮೇಲೆ ಕರಿಯ ಹರಳುಕಲ್ಲು ಹಾಸುವ ಶಾಸ್ತ್ರ ಮುಗಿಯಿತು. ನೆಂಟರು ಚದುರಿದರು. ಸೊಂಟಕ್ಕೆ ಸುತ್ತಿದ್ದ ಸೂತಕದ ಹರಕು ಚಾಪೆಯಲ್ಲೇ ನಾನು ರಸ್ತೆ ದಾಟಿದೆ. ಅವಳ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅವನ ಮಾತು, ನನ್ನ ಹೊಟ್ಟೆಕಿಚ್ಚು, ನನ್ನ ಸುಳ್ಳು. ಈ ಸಲ ಬೆಲ್ಲ ಸವರಲಿಲ್ಲ.

ಲೂಪೆ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಫೆಲೇತಿ ಏನೂ ಅಂದಿರಲಿಲ್ವಾ?"

"ಇಲ್ಲ ಅಕ್ಕಾ."

"ಏನೂ ಅಂದಿರಲಿಲ್ವಾ?"

"ಇಲ್ಲ."

ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. "ಹೋದ ವರ್ಷ ಅವನು ಸತ್ತ. ಹೆಂಡತಿ ಕಡೆಯವರು ಹೇಳಿ ಕಳಿಸಿದ್ರು. ಮಣ್ಣಿಗೆ ಹೋಗಲಿಲ್ಲ ನಾನು. ಸಾವಿನ ಮನೆಗೆ ಕೊಡೋ ಒಂದು ಚಾಪೆ ಕೂಡ ಕಳಿಸಲಿಲ್ಲ. ನನ್ನ ಮಾನ ಕಳೆದವನಿಗೆ ಯಾಕೆ ಕಳಿಸಲಿ ಅಂದೆ."

"ಅಕ್ಕಾ, ಮಾಕಾ ನೆಮ್ಮದಿಯಾಗಿ ಹೋದ. ನೀನು ಕ್ಷಮಿಸಿದೆ ಅಂತಾನೇ..."

"ನಾನು ಕ್ಷಮಿಸಲಿಲ್ಲ" ಎಂದಳು ಲೂಪೆ. ದನಿ ಏರಲಿಲ್ಲ. "ನೀನು ಕ್ಷಮಿಸಿದ್ದು. ನಾನಾಗಿದ್ರೆ ಮೊದಲು ಬೈತಿದ್ದೆ. ಒಂದಿಡೀ ದಿನ ಒತಾಯ್ ಕಳಿಸ್ತಿರಲಿಲ್ಲ. ಅವನು ಒದ್ದಾಡಲಿ ಅಂತ ಬಿಡ್ತಿದ್ದೆ. ಆಮೇಲೆ ಕ್ಷಮಿಸ್ತಿದ್ದೆ, ಸೇನಿ. ನನ್ನ ತಮ್ಮ ಅವನು, ಕ್ಷಮಿಸದೆ ಎಲ್ಲಿ ಹೋಗ್ತಿದ್ದೆ? ಅವನಿಗೆ ನಾನು ಕೊಡೋದಕ್ಕೆ ಇದ್ದದ್ದು ಅದೊಂದೇ. ಅದನ್ನೂ ನೀನೇ ಕೊಟ್ಟುಬಿಟ್ಟೆ."

ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಳ್ಳಲಿಲ್ಲ, ನನ್ನ ತಲೆ ಮುಟ್ಟಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮನೆಗೆ ಹೋಗು, ಕತ್ತಲಾಗುತ್ತೆ" ಎಂದಳು. ಬಿಸಿಲಿನ್ನೂ ಇತ್ತು.

ಜನವರಿ ಮೊದಲ ವಾರ ನಮ್ಮ ಊರಲ್ಲಿ ದಿನಾ ಪ್ರಾರ್ಥನೆ, ದಿನಾ ಒಂದೊಂದು ಮನೆಯವರಿಂದ ಊಟ. ಗುರುವಾರ ನಮ್ಮ ಸರದಿ. ಲೂಪೆ ಬರುತ್ತಾಳೋ ಇಲ್ಲವೋ ಎಂದು ನಾನು ಹೆದರಿದ್ದೆ. ಬಂದಳು. ಬೆಳಗ್ಗೆಯೇ ಬಂದು ಚರ್ಚಿನ ಹಿಂದಿನ ಚಪ್ಪರದಲ್ಲಿ ಹದಿನೆಂಟು ಹಣ್ಣು ಕೆರೆದಳು, ಮಾಕಾ ಹಾಕಿದ ಕಡೆಯ ಬೆಳೆಯದು. ಬಿಸಿಲಿಗೆ ಬಾಯಾರಿದ ಜನ ಸೌಟು ಸೌಟು ಬಡಿಸಿಕೊಂಡು ಹೊಗಳಿದರು. ಪಾದ್ರಿ ಮೂರು ಲೋಟ ಕುಡಿದು, "ಲೂಪೆ, ಸ್ವರ್ಗದಲ್ಲಿ ಇದು ಸಿಗದಿದ್ರೆ ನಾನು ವಾಪಸು ಬಂದುಬಿಡ್ತೀನಿ" ಎಂದರು. ಎಲ್ಲರೂ ನಕ್ಕರು. ಲೂಪೆಯೂ ನಕ್ಕಳು.

ನನ್ನ ಸರದಿ ಬಂತು. ಲೋಟ ತುಂಬಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ತಗೊಳ್ಳಿ" ಎಂದಳು. "ನಿಮಗೆ ಸಕ್ಕರೆ ಸಾಕಾ?"

ಮೂವತ್ತೊಂದು ವರ್ಷ ನನ್ನನ್ನು ಏಕವಚನದಲ್ಲಿ ಕರೆದು, ಬೈದು, ಜಡೆ ಹಾಕಿ, ನನ್ನ ಮಕ್ಕಳಿಗೆ ಸ್ನಾನ ಮಾಡಿಸಿದವಳು. ಪಕ್ಕದಲ್ಲಿದ್ದ ಹೆಂಗಸು, "ಪಾಪ, ಗಂಡ ಹೋದವಳಿಗೆ ಎಷ್ಟು ಮರ್ಯಾದೆ ಕೊಡ್ತಾಳೆ ನೋಡು" ಎಂದು ಪಿಸುಗುಟ್ಟಿದಳು. ನಾನು ಲೋಟ ತೆಗೆದುಕೊಂಡು ಅಲ್ಲೇ ನಿಂತು ಪೂರ್ತಿ ಕುಡಿದೆ. ಸಕ್ಕರೆ ಸಾಕಿತ್ತು.

ಆ ಆಗಸ್ಟಿನಲ್ಲಿ ಲೂಪೆ ಒಬ್ಬಳೇ ಹಾಪೈಗೆ ಹಡಗು ಹತ್ತಿದಳು. ಕಂಕುಳಲ್ಲಿ ತಾನೇ ನೇಯ್ದ ಒಂದು ಚಾಪೆ. ಅಲ್ಲಿ ಯಾರ ಮನೆಗೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಬರುವಾಗ ಚಾಪೆ ಇರಲಿಲ್ಲ.

ಈಗಲೂ ಎದುರು ಮನೆಯಲ್ಲೇ ಇದ್ದಾಳೆ. ನನಗೆ ಜ್ವರ ಬಂದರೆ ಸಾರು ಕಳಿಸುತ್ತಾಳೆ, ನನ್ನ ಮೊಮ್ಮಗಳ ಕೈಯಲ್ಲಿ. ರಸ್ತೆಯಲ್ಲಿ ಸಿಕ್ಕರೆ "ಹೇಗಿದ್ದೀರಿ?" ಎನ್ನುತ್ತಾಳೆ. ಚೆನ್ನಾಗಿದ್ದೀನಿ ಅಕ್ಕಾ ಎನ್ನುತ್ತೇನೆ.