ರೇಲಿಂಗ್ ಬುಡದ ತೂತು

"ಇವನ ಕೈಗೆ ಮೆನು ಕೊಡಬೇಡಿ. ಚಿತ್ರ ಇಲ್ಲ ಅಂದ್ರೆ ಇವನಿಗೆ ಓದೋಕೆ ಬರಲ್ಲ."

ಭಾವ ಇದನ್ನು ಹೇಳಿದ್ದು ಕಡಲತೀರದ ಹೋಟೆಲಿನಲ್ಲಿ, ಮಾಣಿಗೆ, ಸುತ್ತಲಿನ ನಾಲ್ಕು ಟೇಬಲಿಗೂ ಕೇಳುವ ಹಾಗೆ. ಮಾಣಿ ನಕ್ಕ. ಅಕ್ಕ ತಲೆ ತಗ್ಗಿಸಿ ಮಗುವಿನ ಬಾಯಿ ಒರೆಸತೊಡಗಿದಳು. ಆ ಬಾಯಿಗೆ ಇನ್ನೂ ಒಂದು ತುತ್ತೂ ಬಿದ್ದಿರಲಿಲ್ಲ. ಭಾವ ಕಾಲೇಜಿನ ಮೇಷ್ಟ್ರು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ವೆಲ್ಡಿಂಗ್ ಶೆಡ್ಡು ಸೇರಿದವನು. ಮೈಯೆಲ್ಲ ಉರಿದುಹೋಯಿತು. ತಟ್ಟೆ ಎತ್ತಿ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಹಲ್ಲು ಕಚ್ಚಿ ಕೂತೆ. ಎಲ್ಲರನ್ನೂ ಹಟ ಹಿಡಿದು ಈ ಊರಿಗೆ ಕರೆತಂದವನು ನಾನೇ. ಅಪ್ಪನಿಗೆ ಒಂದನ್ನು ತೋರಿಸುವುದು ಬಾಕಿ ಇತ್ತು.

ಎರಡು ವರ್ಷದ ಹಿಂದೆ ಇಲ್ಲಿ ನಾಲ್ಕು ತಿಂಗಳು ದುಡಿದಿದ್ದೆ. ಕಡಲಿನೊಳಕ್ಕೆ ಚಾಚಿದ ಕಾಲುಸೇತುವೆಗೆ ರೇಲಿಂಗ್ ಹಾಕುವ ಕೆಲಸ. ಬಲಗಡೆಯದು ಪೂರಾ ನನ್ನದು, ಎಡಗಡೆಯದು ಬೇರೆ ತಂಡದ್ದು. ಮನೆಯಲ್ಲಿ ಹೊರಗಡೆ ಕೆಲಸ ಅಂದಿದ್ದೆ, ಅಷ್ಟೇ. ಅಪ್ಪ ನನ್ನ ಕೆಲಸವನ್ನು ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ. ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು 'ಮತ್ತೆ ಮಾಡು' ಅನ್ನುವನು. ಅವನದೊಂದು ಗೀಳು ಬೇರೆ: ಯಾವ ಪೈಪಿನ ಕಂಬವೇ ಆಗಲಿ, ಬುಡದಲ್ಲಿ, ಯಾರಿಗೂ ಕಾಣದ ಕಡೆ, ಪೆನ್ಸಿಲ್ ತೂರುವಷ್ಟು ತೂತು ಕೊರೆಯಬೇಕು. ನೀರು ಒಳಗೆ ಹೋಗೇ ಹೋಗುತ್ತೆ, ಹೊರಗೆ ಬರೋಕೆ ದಾರಿ ಬಿಡು ಅನ್ನುವನು. ಇಲ್ಲಿನ ಮೇಸ್ತ್ರಿ ಅದನ್ನು ದಂಡದ ಕೆಲಸ ಎಂದು ಬೈದಿದ್ದ. ಊಟದ ಹೊತ್ತಿನಲ್ಲಿ ಕೂತು ಕೊರೆದಿದ್ದೆ.

ಊಟ ಮುಗಿಸಿ ಸೇತುವೆ ಹತ್ತಿದೆವು. ಎಡಗಡೆಯ ರೇಲಿಂಗ್ ಒಳಗಿನಿಂದಲೇ ತುಕ್ಕು ಹಿಡಿದು ಬುಡದಲ್ಲಿ ಉದುರುತ್ತಿತ್ತು. ಹಗ್ಗ ಕಟ್ಟಿ 'ಒರಗಬೇಡಿ' ಎಂಬ ಬೋರ್ಡು ನೇತುಹಾಕಿದ್ದರು. ಭಾವ ಅದನ್ನು ಗಟ್ಟಿಯಾಗಿ ಓದಿ, ಅಮ್ಮನನ್ನೂ ಮಗುವನ್ನೂ ನಟ್ಟನಡುವೆ ನಿಲ್ಲಿಸಿದ. ಎರಡೂ ಕಡೆ ಮುಟ್ಟಬಾರದಂತೆ. ಇಂಥ ಕೆಲಸ ಮಾಡಿದವರನ್ನು ಒದ್ದು ಒಳಗೆ ಹಾಕಬೇಕಂತೆ.

ಅಪ್ಪ ಅವನ ಮಾತಿಗೆ ಕಿವಿಗೊಡಲಿಲ್ಲ. ಸುಮ್ಮನೆ ಬಲಗಡೆಗೆ ಹೋದ. ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ. ನಿಂತ. ಪಕ್ಕದ ಕಂಬಕ್ಕೂ ಎಳೆದ. ಆಮೇಲೆ ಮಂಡಿನೋವು ಮರೆತು ಕುಕ್ಕರುಗಾಲಲ್ಲಿ ಕೂತು, ಬುಡದಲ್ಲಿ ಕಿರುಬೆರಳಿನ ತುದಿಯಿಂದ ತಡಕಿದ.

"ಎಲ್ಲಾ ಕಂಬಕ್ಕೂ ಕೊರೆದಿದ್ದೀಯೇನೋ?" ಎಂದ, ಮೇಲೆ ನೋಡದೆ.

"ಎಲ್ಲಕ್ಕೂ, ಅಪ್ಪಾ."

ಎದ್ದು ಕೈ ಒರೆಸಿಕೊಂಡ. ಅಮ್ಮನ ತೋಳು ಹಿಡಿದು ತಂದು ರೇಲಿಂಗಿಗೆ ಒರಗಿಸಿದ. ಪಕ್ಕದಲ್ಲಿ ತಾನೂ ಪೂರ್ತಿ ಭಾರ ಬಿಟ್ಟು ಒರಗಿದ.

"ಬನ್ನಿ ಅಳಿಯಂದ್ರೇ, ಒರಗಿ. ಆ ಬೋರ್ಡು ಆ ಕಡೆಯದ್ದು. ಇದು ನನ್ನ ಮಗ ಮಾಡಿದ್ದು."

ಬಲೂನು ಮಾರುವವನೂ ತಿರುಗಿ ನೋಡಿದ, ಅಷ್ಟು ದೂರಕ್ಕೆ ಹೋಯಿತು ಅಪ್ಪನ ದನಿ.

ಭಾವ ಮೊದಲು ಒಂದು ಬೆರಳಿಟ್ಟ, ಆಮೇಲೆ ಅಂಗೈ. ಒಮ್ಮೆ ಅಲುಗಾಡಿಸಿಯೂ ನೋಡಿದ. ಅದು ಜಗ್ಗಲಿಲ್ಲ.

"ಅಲ್ಲ ಕಣೋ, ಹೋಟೆಲಲ್ಲೇ ಹೇಳಬಾರದಿತ್ತಾ? ಯಾಕೆ ಬಾಯಿ ಮುಚ್ಕೊಂಡು ಕೂತಿದ್ದೆ?" ಎಂದ ಭಾವ, ನನ್ನ ಕಡೆ ತಿರುಗಿ.

ಅಪ್ಪನ ಹೆಬ್ಬೆರಳು ಇನ್ನೂ ಬೆಸುಗೆಯ ಮೇಲೇ ಇತ್ತು. ನಾನು ರೇಲಿಂಗಿನ ಮೇಲೆ ಕೈಯಾಡಿಸುತ್ತಾ ಸೇತುವೆಯ ತುದಿಯ ಕಡೆಗೆ ನಡೆದೆ.